ಡಿಲೀಟ್ ಮಾಡು ಅನ್ನುವ ಮೊದಲು

ಮಾರಾಯ,

ನಿನ್ನ ಪತ್ರವೂ ಬಂತು, ಅದರ ಬೆನ್ನಿಗೇ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಗಳೂ ಬಂದವು. ಚಿತ್ರಗಳ ವಿಷಯ ಆಮೇಲೆ. ಮೊದಲು ಜಗಳದ ವಿಷಯ.

ನಿಮ್ಮ ಶಿವಮೊಗ್ಗದ ಫೋಟೋಗ್ರಫಿ ಗುಂಪಿನಲ್ಲಿ ಆದದ್ದನ್ನು ಓದಿ ಬೇಸರವಾಯಿತು, ಆಶ್ಚರ್ಯ ಮಾತ್ರ ಆಗಲಿಲ್ಲ. ಹೊಸ ಹುಡುಗ ಮಂಡಗದ್ದೆಯ ಪಕ್ಷಿಧಾಮದಲ್ಲಿ ತೆಗೆದ ಬೆಳ್ಳಕ್ಕಿಯ ಫೋಟೋ ತೋರಿಸಿದ. ಹಿರಿಯರೊಬ್ಬರು "ಇದನ್ನ ಡಿಲೀಟ್ ಮಾಡಪ್ಪ, ಮುಂದಿನದು ಹಾಕು" ಅಂದರು. ಒಂದಿಬ್ಬರು ನಕ್ಕರು. ಹುಡುಗ ಮಾರನೇ ದಿನ ಗುಂಪು ಬಿಟ್ಟ. ಈಗ ನಿಮ್ಮಲ್ಲಿ ಎರಡು ಪಕ್ಷ. ಇನ್ನು ಮೇಲೆ ಯಾರ ಚಿತ್ರದ ಕೊರತೆಯನ್ನೂ ಎತ್ತಿ ಆಡುವುದು ಬೇಡ, ಒಳ್ಳೆಯದಿದ್ದರೆ ಹೇಳೋಣ, ಇಲ್ಲದಿದ್ದರೆ ಸುಮ್ಮನಿರೋಣ ಅನ್ನುವವರು ಒಂದು ಕಡೆ. ಟೀಕೆ ತಡೆದುಕೊಳ್ಳಲಾಗದವರು ಮನೆಯಲ್ಲೇ ಇರಲಿ ಅನ್ನುವವರು ಇನ್ನೊಂದು ಕಡೆ. ನೀನು ನಡುವೆ ಸಿಕ್ಕಿಕೊಂಡಿದ್ದೀಯ, "ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳಿದ್ದೀಯ.

ನಾನಾಗಿದ್ದರೆ ಎರಡೂ ಪಕ್ಷದವರನ್ನು ಕೂರಿಸಿಕೊಂಡು, ನೀವ್ಯಾರೂ ಆ ಫೋಟೋವನ್ನು ನೋಡಲೇ ಇಲ್ಲ ಅನ್ನುತ್ತಿದ್ದೆ. "ಸೂಪರ್ ಸರ್" ಅನ್ನಲು ಮೂರು ಸೆಕೆಂಡ್ ಸಾಕು. "ಡಿಲೀಟ್ ಮಾಡು" ಅನ್ನಲೂ ಅಷ್ಟೇ ಸಾಕು. ಎರಡನ್ನೂ ಕಣ್ಣು ಮುಚ್ಚಿಕೊಂಡು ಹೇಳಬಹುದು, ಯಾವ ಚಿತ್ರಕ್ಕೆ ಬೇಕಾದರೂ ಹೇಳಬಹುದು. ಕೇಳಿಸಿಕೊಂಡವನು ಮುಂದಿನ ಸಲ ಕ್ಯಾಮೆರಾ ಎತ್ತುವಾಗ ಆ ಮಾತಿನಿಂದ ಅವನಿಗೆ ಕವಡೆಕಾಸಿನ ಉಪಯೋಗವಿಲ್ಲ. ಮಾತು ಒರಟಾಗಿದ್ದಕ್ಕೆ ಹುಡುಗನಿಗೆ ನೋವಾಯಿತು ಅಂತ ಬರೆದಿದ್ದೀಯ. ಇರಬಹುದು. ಆದರೆ ಅದೇ ಹಿರಿಯರು ಅದೇ ದನಿಯಲ್ಲಿ "ಬಿಳಿ ಗರಿ ಎಲ್ಲಾ ಸುಟ್ಟು ಹೋಗಿದೆ ನೋಡು, ಮೈನಸ್ ಒಂದಕ್ಕೆ ಇಟ್ಟು ತೆಗೀಬೇಕಿತ್ತು" ಎಂದು ಗದರಿಸಿದ್ದರೆ, ಹುಡುಗ ಮುಂದಿನ ಭಾನುವಾರ ಮತ್ತೆ ಮಂಡಗದ್ದೆಯ ಬಸ್ಸು ಹತ್ತುತ್ತಿದ್ದ ಅಂತ ನನಗನ್ನಿಸುತ್ತದೆ. ಒರಟು ಮಾತನ್ನು ಜನ ಸಹಿಸಿಕೊಳ್ಳುತ್ತಾರೆ. ತಾನು ತಂದದ್ದನ್ನು ಯಾರೂ ನೋಡಲೇ ಇಲ್ಲ ಅನ್ನುವುದನ್ನು ಸಹಿಸಿಕೊಳ್ಳುವುದು ಕಷ್ಟ.

ಆ ಚಿತ್ರವನ್ನು ನೀನು ನನಗೂ ಕಳಿಸಿದ್ದು ಒಳ್ಳೆಯದಾಯಿತು. ನೋಡಿದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಆ ಮರಗಳು ಕಡುಹಸಿರು, ಮೇಲೆ ಮೋಡ, ಅದರ ಮಧ್ಯೆ ಅಚ್ಚ ಬಿಳಿಯ ಹಕ್ಕಿ. ಕ್ಯಾಮೆರಾದ ಮೀಟರಿಗೆ ಬೆಳ್ಳಕ್ಕಿ ಅಂತೇನೂ ಗೊತ್ತಿಲ್ಲ. ಕಣ್ಣೆದುರಿನ ದೃಶ್ಯವನ್ನೆಲ್ಲ ಒಟ್ಟು ಮಾಡಿ ನಡುಬೂದಿ ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಚೌಕಟ್ಟಿನ ಮುಕ್ಕಾಲು ಪಾಲು ಕತ್ತಲೆ ಹಸಿರಾದ್ದರಿಂದ ಅದು ಬೆಳಕು ಏರಿಸಿತು, ಹಕ್ಕಿಯ ಬೆನ್ನಿನ ಗರಿಗಳು ಅಳಿಸಿಹೋದವು. ಬೆಳಕನ್ನು ಏರಿಸಿ ಇಳಿಸುವ ಕಾಂಪೆನ್ಸೇಷನ್ ಅನ್ನು ಮೈನಸ್ ಕಡೆಗೆ ಇಳಿಸಬೇಕು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಬಲಗಡೆಯ ಅಂಚಿಗೆ ಗುದ್ದಿದೆಯಾ ಅಂತ ಅಲ್ಲೇ ನೋಡಿಕೊಳ್ಳಬೇಕು. ಕ್ಯಾಮೆರಾ ಸಂಸ್ಕರಿಸದೆ ಇದ್ದಹಾಗೇ ಇಟ್ಟ ರಾ ಫೈಲಿದ್ದರೆ ಸ್ವಲ್ಪ ಮಟ್ಟಿಗೆ ವಾಪಸ್ ತರಬಹುದು, ಜೆಪೆಗ್ ಆದರೆ ಹೋದದ್ದು ಹೋಯಿತು. ಇಷ್ಟು ಹೇಳಲು ಎರಡು ನಿಮಿಷವೂ ಬೇಡ.

ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಸಂಗತಿಯಿದೆ. ಕಡ್ಡಿ ಕಚ್ಚಿಕೊಂಡು ಬಂದ ಹಕ್ಕಿ ಅದನ್ನು ಗೂಡಿನಲ್ಲಿದ್ದ ಜೊತೆಗಾತಿಗೆ ದಾಟಿಸುವ ಕ್ಷಣ ಅದು. ಕಡ್ಡಿಯ ಒಂದು ತುದಿ ಇದರ ಕೊಕ್ಕಿನಲ್ಲಿ, ಇನ್ನೊಂದು ತುದಿ ಅದರ ಕೊಕ್ಕಿನಲ್ಲಿ. ಅರ್ಧ ಸೆಕೆಂಡ್ ಆಚೀಚೆ ಆದರೂ ಸಿಗುವಂಥದ್ದಲ್ಲ. ಹುಡುಗ ಕಾದಿದ್ದಾನೆ, ಕಂಡಿದ್ದಾನೆ, ಸರಿಯಾದ ಹೊತ್ತಿಗೆ ಒತ್ತಿದ್ದಾನೆ. ಎಕ್ಸ್‌ಪೋಷರನ್ನು ಯಾರು ಬೇಕಾದರೂ ಒಂದು ಬೆಳಿಗ್ಗೆ ಕೂತು ಕಲಿಸಬಹುದು. ಕಾಯುವುದನ್ನು ಕಲಿಸುವುದು ಹೇಗೆ? ನಿಮ್ಮ ಹಿರಿಯರು ಡಿಲೀಟ್ ಮಾಡಲು ಹೇಳಿದ್ದು ಅದನ್ನು.

ಈ ಡಿಲೀಟ್ ಚಾಳಿ ಡಿಜಿಟಲ್ ಬಂದ ಮೇಲೆ ಹುಟ್ಟಿದ್ದೇನೂ ಅಲ್ಲ. 1935ರಲ್ಲಿ ಅಮೆರಿಕ ಸರ್ಕಾರ, ಆರ್ಥಿಕ ಕುಸಿತದಿಂದ ನೆಲಕಚ್ಚಿದ್ದ ತನ್ನ ಹಳ್ಳಿಗಾಡಿನ ಬದುಕನ್ನು ದಾಖಲಿಸಲು ಒಂದು ವಿಭಾಗ ಶುರುಮಾಡಿತು. ಮುಂದೆ ಅದು ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅದರ ಮುಖ್ಯಸ್ಥ ರಾಯ್ ಸ್ಟ್ರೈಕರ್ ಫೋಟೋಗ್ರಾಫರ್ ಅಲ್ಲ, ಅರ್ಥಶಾಸ್ತ್ರ ಕಲಿಸುತ್ತಿದ್ದವ. ವಾಕರ್ ಇವಾನ್ಸ್, ಡೊರೋತಿಯಾ ಲ್ಯಾಂಗ್, ಬೆನ್ ಶಾನ್ ಅಂಥವರು ಊರೂರು ತಿರುಗಿ ಕಳಿಸಿದ ಫಿಲ್ಮುಗಳಲ್ಲಿ ಆತನಿಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ ಪಂಚಿಂಗ್ ಮಷೀನಿನಿಂದ ತೂತು ಬೀಳುತ್ತಿತ್ತು. ನಾವು ಕಚೇರಿಯಲ್ಲಿ ಕಾಗದಕ್ಕೆ ಹೊಡೆಯುತ್ತೇವಲ್ಲ, ಅಂಥ ತೂತು. ಆ ನೆಗೆಟಿವ್‌ಗಳು ಈಗಲೂ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಪ್ರಿಂಟು ಹಾಕಿದರೆ ಯಾವನೋ ರೈತನ ಮುಖದ ಮೇಲೋ ಖಾಲಿ ಆಕಾಶದಲ್ಲೋ ಒಂದು ಕಪ್ಪು ದುಂಡು. ಛಾಯಾಗ್ರಾಹಕರು ಸಿಟ್ಟಾಗಿ ಜಗಳ ತೆಗೆದ ಮೇಲೆ ಆತ ಅದನ್ನು ನಿಲ್ಲಿಸಿದ.

ವಿಚಿತ್ರವೆಂದರೆ, ಛಾಯಾಗ್ರಾಹಕರಿಗೆ ತುಂಬಾ ಉಪಯೋಗಕ್ಕೆ ಬಂದ ಸಲಹೆಗಳನ್ನು ಕೊಟ್ಟವನೂ ಇದೇ ಸ್ಟ್ರೈಕರ್. ಊರೂರು ಅಲೆಯುತ್ತಿದ್ದವರಿಗೆ ಆತ ಉದ್ದುದ್ದ ಟಿಪ್ಪಣಿ ಬರೆದು ಕಳಿಸುತ್ತಿದ್ದ. ಸಂಜೆ ಹೊತ್ತು ಮನೆಯೊಳಗೆ ಜನ ಏನು ಮಾಡುತ್ತಾರೆ ನೋಡಿ, ಊರವರು ಎಲ್ಲಿ ಸೇರುತ್ತಾರೆ ನೋಡಿ, ಬೇರೆಬೇರೆ ಆದಾಯದವರ ಮನೆಯ ಗೋಡೆಯ ಮೇಲೆ ಏನೇನು ತೂಗುಹಾಕಿರುತ್ತಾರೆ ನೋಡಿ, ಹೀಗೆ. ತೂತು ಹೊಡೆದ ಕೈಯೇ ಈ ಟಿಪ್ಪಣಿಗಳನ್ನೂ ಬರೆದದ್ದು. ತೂತಿನಿಂದ ಯಾರೂ ಏನೂ ಕಲಿಯಲಿಲ್ಲ. ಗೋಡೆ ನೋಡಿ ಅಂದದ್ದರಿಂದ ಗೋಡೆಗಳ ಚಿತ್ರಗಳು ಬಂದವು. ಆದ್ದರಿಂದ ನಿಮ್ಮ ಆ ಹಿರಿಯರನ್ನು ದೂರ ಇಡಬೇಡ. ಅಷ್ಟು ವರ್ಷ ಕ್ಯಾಮೆರಾ ಹಿಡಿದವರಿಗೆ ಹೇಳಲು ಬೇಕಾದಷ್ಟು ಇರುತ್ತದೆ. ತೀರ್ಪು ಕೊಡಲು ಬಿಡದೆ, ಏನು ಕಂಡಿತು ಅಂತ ಹೇಳಿಸಬೇಕು, ಅಷ್ಟೇ.

ಅದಕ್ಕೊಂದು ದಾರಿ ಇದೆ. ಲಿಜ್ ಲೆರ್ಮನ್ ಅನ್ನುವ ಅಮೆರಿಕದ ನೃತ್ಯ ಸಂಯೋಜಕಿ 1990ರಲ್ಲಿ ತಮ್ಮ ಮಂದಿಗಾಗಿ ಹೊಂದಿಸಿದ ಕ್ರಮ, ಈಗ ಎಲ್ಲ ಕಲೆಗಳವರೂ ಬಳಸುತ್ತಾರೆ. ಮೊದಲು ನೋಡಿದವರು ತಮಗೆ ಏನು ತಟ್ಟಿತು, ಏನು ನೆನಪಾಯಿತು, ಕಣ್ಣು ಎಲ್ಲಿ ನಿಂತಿತು ಅಂತ ಹೇಳಬೇಕು. ಆಮೇಲೆ ಕೃತಿ ಮಾಡಿದವರು ತಮಗೆ ಅನುಮಾನ ಇರುವ ಕಡೆ ಪ್ರಶ್ನೆ ಕೇಳಬೇಕು. ಮೂರನೆಯದಾಗಿ ನೋಡಿದವರು ಕೇಳಬೇಕು, ಆದರೆ ಪ್ರಶ್ನೆಯ ಹೊಟ್ಟೆಯೊಳಗೆ ಅಭಿಪ್ರಾಯ ಅಡಗಿರಬಾರದು. ಕೊನೆಗೆ ಅಭಿಪ್ರಾಯ, ಅದೂ ಅಪ್ಪಣೆ ಕೇಳಿ: "ಹಿನ್ನೆಲೆಯ ಬಗ್ಗೆ ನಂದೊಂದು ಅಭಿಪ್ರಾಯ ಇದೆ, ಹೇಳಲಾ?" ಬೇಡ ಅಂದರೆ ಬಿಡಬೇಕು.

ಇಲ್ಲಿ ನಮ್ಮ ಬೆಂಗಳೂರಿನ ಸಣ್ಣ ಗುಂಪಿನಲ್ಲಿ ಇದನ್ನು ಇದ್ದಹಾಗೇ ಇಟ್ಟುಕೊಂಡಿಲ್ಲ. ನಾಲ್ಕೂ ಹಂತ ಹಿಡಿದು ಕೂತರೆ ಒಂದು ಚಿತ್ರಕ್ಕೇ ಬೆಳಗು ಕಳೆಯುತ್ತದೆ, ಕಾಫಿ ಆರಿಹೋಗುತ್ತದೆ. ಆದರೆ ಮೂರನೇ ಹಂತವನ್ನು ಮಾತ್ರ ಬಿಟ್ಟಿಲ್ಲ. ನಮ್ಮವರಿಗೆ ಅದೇ ಎಲ್ಲಕ್ಕಿಂತ ಕಷ್ಟ. "ಹಿನ್ನೆಲೆ ಯಾಕಿಷ್ಟು ಗಲೀಜು?" ಅನ್ನುವುದಕ್ಕೆ ಪ್ರಶ್ನೆಚಿಹ್ನೆ ಇದೆ, ಆದರೆ ಅದು ಪ್ರಶ್ನೆಯಲ್ಲ. "ಹಿಂದೆ ಏನು ಕಾಣಲಿ ಅಂತ ನಿನ್ನ ಲೆಕ್ಕ ಇತ್ತು?" ಅಂದರೆ ಪ್ರಶ್ನೆ. ಉತ್ತರ ಬಂದಾಗ ಎಷ್ಟೋ ಸಲ ನಮ್ಮ ಅಭಿಪ್ರಾಯವೇ ಬದಲಾಗುತ್ತದೆ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಒಬ್ಬರು ತೆಗೆದ ಚಿತ್ರದಲ್ಲಿ ಮನುಷ್ಯರು, ಮಲ್ಲಿಗೆ, ತಕ್ಕಡಿ ಎಲ್ಲಾ ನೀಲಿಗಟ್ಟಿದ್ದವು. ವೈಟ್ ಬ್ಯಾಲೆನ್ಸ್ ತಪ್ಪಿದೆ ಅನ್ನಲು ಬಾಯಿ ತೆರೆದವರೇ ಎಲ್ಲ. ಕೇಳಿದರೆ, ಅಲ್ಲಿ ತಲೆಯ ಮೇಲೆ ಕಟ್ಟಿದ ನೀಲಿ ಟಾರ್ಪಾಲಿನಿಂದ ಸೋಸಿ ಬರುವ ಬೆಳಕೇ ಅಂಥದ್ದು, ವ್ಯಾಪಾರಿಗಳು ಬೆಳಗಿನಿಂದ ಸಂಜೆವರೆಗೆ ಕೂರುವುದು ಆ ಬಣ್ಣದಲ್ಲೇ, ಅದನ್ನೇ ತೋರಿಸಬೇಕಿತ್ತು ಅಂದರು. ಹಾಗಾದರೆ ಟಾರ್ಪಾಲಿನ ಒಂದು ತುದಿಯಾದರೂ ಚೌಕಟ್ಟಿನೊಳಗೆ ಬೇಕಲ್ಲವೇ ಅಂತ ಮಾತು ತಿರುಗಿತು. ನೋಡು, ಈಗ ಚರ್ಚೆ ಅವರ ಚಿತ್ರದ ಬಗ್ಗೆ ನಡೆಯುತ್ತಿದೆ. ಮೊದಲಿನದು ನಮ್ಮ ಮನಸ್ಸಿನಲ್ಲಿದ್ದ ಇನ್ಯಾವುದೋ ಚಿತ್ರದ ಬಗ್ಗೆ ನಡೆಯುತ್ತಿತ್ತು.

ನಿಯಮ ಹೇಳುವವರ ಕಾಟ ನಿಮ್ಮಲ್ಲೂ ಇರಬೇಕು. ಮುಖ್ಯ ವಸ್ತು ಚೌಕಟ್ಟಿನ ಮೂರನೇ ಒಂದು ಭಾಗದ ಗೆರೆಯ ಮೇಲಿರಬೇಕು ಅನ್ನುವ ಮೂರನೇ ಒಂದರ ನಿಯಮ, ಕೊಂಬೆ ತಲೆಗೆ ತಾಗಬಾರದು, ಹಕ್ಕಿ ನೋಡುವ ಕಡೆ ಜಾಗ ಬಿಡಬೇಕು. ಮೂರನೇ ಒಂದರ ನಿಯಮಕ್ಕೆ ಆ ಹೆಸರಿಟ್ಟದ್ದು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್, 1797ರಲ್ಲಿ, ನಿಸರ್ಗದೃಶ್ಯಗಳನ್ನು ಬಿಡಿಸುವುದರ ಬಗ್ಗೆ ಬರೆಯುವಾಗ. ಫೋಟೋಗ್ರಫಿ ಆಗಿನ್ನೂ ಹುಟ್ಟೇ ಇರಲಿಲ್ಲ. ನಿಯಮ ಬೇಡ ಅಂತಲ್ಲ. ನಿಯಮ ಮುರಿದಿದೆ ಅನ್ನುವುದು ಪೂರ್ತಿ ಮಾತಾಗುವುದಿಲ್ಲ. ಮುರಿದದ್ದರಿಂದ ಏನಾಯಿತು, ಕಣ್ಣು ಎಲ್ಲಿ ಜಾರಿತು, ಅದನ್ನು ಹೇಳಿದರೆ ಪೂರ್ತಿಯಾದೀತು.

ಅಂಚಿನಲ್ಲಿ ಅಡ್ಡ ಬಂದ ವಸ್ತುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲೊಬ್ಬರು ಹುಡುಗನ ಚಿತ್ರದ ಎಡಗಡೆಯ ಒಣಕೊಂಬೆಯನ್ನು ಫೋಟೋಶಾಪಿನಲ್ಲಿ ತೆಗೆದುಬಿಡು ಅಂದರಂತೆ. ಡೊರೋತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ವಲಸೆ ತಾಯಿಯ ಚಿತ್ರ ನಿನಗೆ ಗೊತ್ತಲ್ಲ, ಮಕ್ಕಳು ಹೆಗಲಿಗೆ ಮುಖ ಹುದುಗಿಸಿಕೊಂಡದ್ದು. ಅದರ ಕೆಳಗಿನ ಬಲಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಲ್ಯಾಂಗ್ ಅವರಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು, ಮುಂದೆ ನೆಗೆಟಿವ್‌ನಲ್ಲೇ ಅದನ್ನು ಟಚ್ ಮಾಡಿಸಿ ಮಸುಕಾಗಿಸಿದರು. ಸ್ಟ್ರೈಕರ್‌ಗೆ ಅದು ಸರಿಬರಲಿಲ್ಲ, ದಾಖಲೆಯ ಚಿತ್ರದಲ್ಲಿ ಕೈಯಾಡಿಸಬಾರದು ಅನ್ನುವವ ಆತ. ಇಬ್ಬರೂ ಬಲ್ಲವರೇ. ಯಾವುದು ಸರಿ ಅನ್ನುವುದು ಆ ಚಿತ್ರ ಎಲ್ಲಿಗೆ ಹೋಗಬೇಕು ಅನ್ನುವುದರ ಮೇಲೆ ನಿಂತಿದೆ. ಹುಡುಗ ಅದನ್ನು ಮನೆಯ ಗೋಡೆಗೆ ಹಾಕುವುದಾದರೆ ಕೊಂಬೆ ತೆಗೆಯಲಿ, ಯಾರದೂ ತಕರಾರಿಲ್ಲ. ಸಲೋನಿನ, ಅಂದರೆ ಛಾಯಾಚಿತ್ರ ಸ್ಪರ್ಧೆಯ, ನೇಚರ್ ವಿಭಾಗಕ್ಕೆ ಕಳಿಸುವುದಾದರೆ ಆ ಸಲಹೆ ಅವನನ್ನು ಹಳ್ಳಕ್ಕೆ ತಳ್ಳುತ್ತದೆ. ಅಂತರರಾಷ್ಟ್ರೀಯ ಛಾಯಾಕಲಾ ಒಕ್ಕೂಟವಾದ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿಯಾದ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ನಿಸರ್ಗದ ಚಿತ್ರದಲ್ಲಿ ಏನನ್ನೂ ಸೇರಿಸುವ ಹಾಗಿಲ್ಲ, ಜರುಗಿಸುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ಬೇಡವಾದದ್ದನ್ನು ಬಿಡಬೇಕೆಂದರೆ ಕ್ರಾಪ್ ಮಾಡಬಹುದು, ಅಷ್ಟೇ. ಚಿತ್ರ ಯಾವುದಕ್ಕೆ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಲಹೆ ಕೊಟ್ಟವರಿಗೂ ಅನುಕೂಲವಾಗುತ್ತಿತ್ತು.

ಗೂಡಿನ ಚಿತ್ರ ಅನ್ನುವ ಆಕ್ಷೇಪವೂ ಬಂತು ಅಂದೆ. ಅದು ನ್ಯಾಯವಾದ ಆಕ್ಷೇಪ. ಗೂಡಿನ ಹತ್ತಿರ ಹೋಗಿ ಎಲೆ ಸರಿಸಿ ತೆಗೆಯುವವರಿದ್ದಾರೆ, ಅಂಥವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು, ಅಲ್ಲಿ ನಯವಿನಯ ಬೇಕಿಲ್ಲ. ಆದರೆ ಮಂಡಗದ್ದೆಯಲ್ಲಿ ಹಕ್ಕಿಗಳು ಹೊಳೆಯ ನಡುವೆ, ನಾವು ದಡದಲ್ಲಿ. ಎಲ್ಲಿ ನಿಂತು ತೆಗೆದೆ ಅಂತ ಯಾರಾದರೂ ಕೇಳಿದರಾ?

ಹಿರಿಯರು, ಕಿರಿಯರು ಅನ್ನುವುದು ನಮ್ಮಲ್ಲಿ ದೊಡ್ಡ ತೊಡಕು. ಹೆಸರಿನ ಮುಂದೆ ಎಎಫ್‌ಐಎಪಿ, ಇಎಫ್‌ಐಎಪಿ ಅಂತ ಇದ್ದರೆ ಅವರ ಮಂಕು ಚಿತ್ರಕ್ಕೂ ಕೈಮುಗಿಯುವವರೇ. ನನಗೆ ಫಿಯಾಪ್ ಕೊಡುವ ಆ ಬಿರುದುಗಳ ಬಗ್ಗೆ ಅಗೌರವವಿಲ್ಲ, ಅದರ ಹಿಂದೆ ವರ್ಷಗಟ್ಟಲೆ ದುಡಿಮೆ ಇರುತ್ತದೆ. ಆದರೆ ಸಲೋನಿನ ತೀರ್ಪು ಬೇರೆ, ಗುಂಪಿನ ಮಾತು ಬೇರೆ. ಅಲ್ಲಿ ಸಾವಿರಾರು ಚಿತ್ರ ಸಾಲಾಗಿ ಬರುತ್ತವೆ, ಮೂವರು ತೀರ್ಪುಗಾರರು ಕೆಲವೇ ಸೆಕೆಂಡುಗಳಲ್ಲಿ ಗುಂಡಿ ಒತ್ತಿ ಅಂಕ ಕೊಡುತ್ತಾರೆ. ಅದು ಆಯ್ಕೆಯ ಕೆಲಸ, ಹಾಗೇ ನಡೆಯಬೇಕು. ಅಲ್ಲಿ ರೂಢಿಯಾದ ವೇಗವನ್ನು ಭಾನುವಾರದ ಕೂಟಕ್ಕೆ ತಂದರೆ ನಿಮ್ಮಲ್ಲಿ ಆದದ್ದೇ ಆಗುತ್ತದೆ. ಬೆಂಗಳೂರಿನಲ್ಲಿ ಒಳ್ಳೆಯ ವನ್ಯಜೀವಿ ಛಾಯಾಗ್ರಹಣ ಬೆಳೆದದ್ದು ಅಂಕಗಳಿಂದಲ್ಲ. ಟಿ.ಎನ್.ಎ. ಪೆರುಮಾಳ್ ಅವರು ಓ.ಸಿ. ಎಡ್ವರ್ಡ್ಸ್ ಅವರ ಜೊತೆ ಓಡಾಡಿ ಕಲಿತರು, ಆಮೇಲೆ ಎಷ್ಟೋ ಜನ ಪೆರುಮಾಳ್ ಅವರ ಪಕ್ಕ ಕೂತು ಕಲಿತರು. ಪಕ್ಕ ಕೂರುವುದಕ್ಕೆ ಹೊತ್ತು ಬೇಕು.

ಹೆಸರು ಮುಚ್ಚಿ ಚಿತ್ರ ತೋರಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಒಬ್ಬರು ಎಲ್ಲರ ಫೈಲುಗಳನ್ನು ಒಟ್ಟುಮಾಡಿ ನಂಬರು ಹಾಕಿ ತರುತ್ತಾರೆ. ಯಾರದ್ದು ಅಂತ ಮಾತು ಮುಗಿದ ಮೇಲೆ ಗೊತ್ತಾಗುತ್ತದೆ. ಇದರಿಂದ ದೊಡ್ಡ ಲಾಭವಾದದ್ದು ನಮ್ಮ ಗುಂಪಿನ ಹೆಂಗಸರಿಗೆ. ಮೊದಲೆಲ್ಲ ಅವರ ಚಿತ್ರ ಬಂದರೆ ಸಾಕು, "ಮೇಡಂ, ಅಪರ್ಚರ್ ಅಂದರೆ ಏನಂದ್ರೆ" ಅಂತ ಯಾರಾದರೂ ಪಾಠ ಶುರು ಮಾಡುತ್ತಿದ್ದರು, ಅಪರ್ಚರಿಗೂ ಆ ಚಿತ್ರಕ್ಕೂ ಸಂಬಂಧವಿರಲಿ ಇಲ್ಲದಿರಲಿ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಪತ್ರಿಕೆಯಲ್ಲಿ ಗಂಡನ ಹೆಸರಿನಲ್ಲಿ ಪ್ರಕಟವಾಗಿದ್ದವು. ಚಿತ್ರ ಅದೇ, ಹೆಸರು ಬೇರೆ. ನೋಡುವವರ ಕಣ್ಣು ಹೆಸರಿನಿಂದ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಮೊಬೈಲಿನಲ್ಲಿ ನೋಡಿ "ಶಾರ್ಪ್ ಇಲ್ಲ" ಅನ್ನುವವರನ್ನು ಮೊದಲು ತಡೆ. ವಾಟ್ಸಾಪು ಚಿತ್ರವನ್ನು ಕುಗ್ಗಿಸಿ ಹಿಂಡಿ ಕಳಿಸುತ್ತದೆ, ಗರಿಯ ಎಳೆಗಳೆಲ್ಲ ಅಲ್ಲೇ ಕರಗುತ್ತವೆ. ಪ್ರೊಜೆಕ್ಟರ್ ಇನ್ನೊಂದು ಮೋಸ, ಕತ್ತಲೆಯ ಭಾಗಗಳನ್ನೆಲ್ಲ ನುಂಗಿಬಿಡುತ್ತದೆ. ಸಾಧ್ಯವಿದ್ದರೆ ತಿಂಗಳಿಗೊಮ್ಮೆಯಾದರೂ ಪ್ರಿಂಟು ತರಲು ಹೇಳು. ದೊಡ್ಡದು ಬೇಡ, ಎಂಟು ಹನ್ನೆರಡು ಇಂಚು ಸಾಕು. ಪ್ರಿಂಟು ಮೇಜಿನ ಮೇಲಿದ್ದರೆ ಜನ ಬಗ್ಗಿ ನೋಡುತ್ತಾರೆ, ಸುತ್ತು ಹಾಕುತ್ತಾರೆ, ಬೇಗ ತೀರ್ಪು ಕೊಡುವುದಿಲ್ಲ.

ನಮ್ಮ ಗುಂಪಿಗೆ ಒಬ್ಬರು ಬರುತ್ತಾರೆ, ಹಿಂದೆ ಸ್ಟುಡಿಯೋ ಇಟ್ಟಿದ್ದವರು. ನೆಗೆಟಿವ್ ಮೇಲೆ ಸೀಸದಕಡ್ಡಿ ಹಿಡಿದು ಮದುಮಕ್ಕಳ ಮುಖಕ್ಕೆ ಟಚಿಂಗ್ ಮಾಡಿ ಮಾಡಿ ಕಣ್ಣು ಸವೆಸಿದವರು. ಅವರ ಚೀಲದಲ್ಲಿ ಎಲ್ ಆಕಾರಕ್ಕೆ ಕತ್ತರಿಸಿದ ಎರಡು ಕರಿಯ ರಟ್ಟುಗಳಿರುತ್ತವೆ. ಪ್ರಿಂಟಿನ ಮೇಲೆ ಆ ಎರಡನ್ನೂ ಎದುರುಬದುರಾಗಿ ಇಟ್ಟು ಮೆಲ್ಲಗೆ ಒಳಗೆ ಸರಿಸುತ್ತಾರೆ, ಮತ್ತೆ ಹೊರಗೆ ಎಳೆಯುತ್ತಾರೆ. ಏನೂ ಹೇಳುವುದಿಲ್ಲ. ಯಾವಾಗ ಚಿತ್ರ ಉಸಿರಾಡಿತು ಅಂತ ನಾವೇ ಹೇಳಬೇಕು. ಒಂದೊಂದು ಸಲ ಪ್ರಿಂಟನ್ನು ತಲೆಕೆಳಗು ಮಾಡಿ ಇಡುತ್ತಾರೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಕಾರ್ಟಿಯೆ ಬ್ರೆಸೋನ್ ಕೂಡ ಚಿತ್ರಗಳನ್ನು ಹಾಗೆ ತಿರುಗಿಸಿ ನೋಡುತ್ತಿದ್ದರು ಅಂತ ನಾನು ಹೇಳಿದಾಗ, "ಅವರ ಹತ್ರ ಕಲ್ತಿದ್ದಲ್ಲ ಮಾರಾಯ್ರೆ, ದೊಡ್ಡ ಕ್ಯಾಮೆರಾದ ಗಾಜಿನಲ್ಲಿ ಎಲ್ಲಾ ತಲೆಕೆಳಗೇ ಕಾಣೋದು" ಅಂದರು. ಮುಖ, ಮನೆ, ಹಕ್ಕಿ ಅಂತ ಗುರುತು ಹಿಡಿಯುವುದು ನಿಂತಾಗ ಬೆಳಕಿನ ತೂಕ ಎಲ್ಲಿದೆ ಅಂತ ಕಾಣುತ್ತದೆ. ಅವರಷ್ಟು ಕಟ್ಟುನಿಟ್ಟಾಗಿ ಕೊರತೆ ತೋರಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ, ಅವರ ಮಾತಿಗೆ ಮುನಿಸಿಕೊಂಡು ಹೋದವರೂ ಇಲ್ಲ.

ಇನ್ನು ಕೇಳಿಸಿಕೊಳ್ಳುವ ಕಡೆಗೆ ಬರೋಣ. ಇದು ನಿನಗೇ ಹೇಳಬೇಕಾದ ಮಾತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಚಿತ್ರದ ಬಗ್ಗೆ ಯಾರಾದರೂ ಬಾಯಿ ತೆರೆದರೆ ಅವರ ವಾಕ್ಯ ಮುಗಿಯುವ ಮೊದಲೇ ನಿನ್ನ ವಿವರಣೆ ಶುರುವಾಗುತ್ತದೆ. ಅಲ್ಲಿ ನಿಲ್ಲಲು ಜಾಗ ಇರಲಿಲ್ಲ, ಮಳೆ ಬರುತ್ತಿತ್ತು, ಬೆಳಗಿನ ಜಾವ ಎದ್ದು ಹೋಗಿದ್ದೆ. ಎಲ್ಲಾ ನಿಜ. ಆದರೆ ಚಿತ್ರ ನಾಳೆ ಬೇರೆಯವರ ಮುಂದೆ ಹೋದಾಗ ನೀನು ಅದರ ಪಕ್ಕದಲ್ಲಿ ನಿಂತಿರುವುದಿಲ್ಲ. ನಿನ್ನ ನಿದ್ದೆಗೇಡು ಚೌಕಟ್ಟಿನೊಳಗೆ ಕಾಣುವುದಿಲ್ಲ. ನಿನ್ನ ಸರದಿ ಬಂದಾಗ ಒಂದು ಪುಸ್ತಕ ಹಿಡಿದುಕೋ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಬರೆಯುವ ಕೈಗೆ ಕೆಲಸವಿದ್ದರೆ ಬಾಯಿಗೆ ಬಿಡುವು ಸಿಗುತ್ತದೆ.

ಬರೆದುಕೊಂಡದ್ದನ್ನೆಲ್ಲ ಪಾಲಿಸಬೇಕಾಗಿಲ್ಲ. ಎರಡು ದಿನ ಬಿಟ್ಟು ತೆಗೆದು ನೋಡು. ಮೂವರು ಮೂರು ಬೇರೆ ಪರಿಹಾರ ಹೇಳಿರುತ್ತಾರೆ: ಒಬ್ಬರು ಕಪ್ಪುಬಿಳುಪು ಮಾಡು ಅಂದಿರುತ್ತಾರೆ, ಒಬ್ಬರು ಬಲಗಡೆ ಕತ್ತರಿಸು, ಇನ್ನೊಬ್ಬರು ಹಿನ್ನೆಲೆ ಕತ್ತಲೆ ಮಾಡು. ಮೂರನ್ನೂ ಬಿಟ್ಟುಬಿಡು, ಮೂವರ ಕಣ್ಣೂ ಎಡವಿದ್ದು ಬಲಗಡೆಯ ಆ ಕೆಂಪು ಪ್ಲಾಸ್ಟಿಕ್ ಕುರ್ಚಿಗೇ ಅನ್ನುವುದನ್ನು ಮಾತ್ರ ಇಟ್ಟುಕೋ. ಪರಿಹಾರ ಹುಡುಕುವುದು ನಿನ್ನ ಕೆಲಸ. "ಆರುನೂರು ಎಂಎಂ ಲೆನ್ಸ್ ಇದ್ದಿದ್ರೆ" ಅಂತ ಶುರುವಾಗುವ ಮಾತುಗಳನ್ನು ಬರೆದುಕೊಳ್ಳುವುದೇ ಬೇಡ. ಅದು ನಿನ್ನ ಚಿತ್ರದ ಬಗ್ಗೆ ಅಲ್ಲ, ಅವರ ಲೆನ್ಸಿನ ಬಗ್ಗೆ.

ಕುರ್ಚಿ ಅಂದಾಗ ನಿನ್ನ ಚೌಕಿಯ ಚಿತ್ರಕ್ಕೆ ಬಂದ ಹಾಗಾಯಿತು.

ಯಕ್ಷಗಾನ ಬಯಲಾಟದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪೆಟ್ಟಿಗೆಯ ಮೇಲೆ ಕೂತು, ಕೈಗನ್ನಡಿ ಹಿಡಿದು ಬಣ್ಣ ಹಾಕಿಕೊಳ್ಳುತ್ತಿರುವ ವೇಷಧಾರಿ. ಅರ್ಧ ಮುಖಕ್ಕೆ ಬಣ್ಣ ಆಗಿದೆ, ಇನ್ನರ್ಧ ಬಾಕಿ. ನನ್ನ ಕಣ್ಣು ಮೊದಲು ಹೋದದ್ದು ಕನ್ನಡಿಗಲ್ಲ, ಬೆರಳಿಗೆ. ಹಣೆಯ ಹತ್ತಿರ ನಿಂತ ಆ ಬೆರಳು ಅಲುಗುವುದಿಲ್ಲ, ಸುತ್ತ ಇಡೀ ಚೌಕಿ ಅಲುಗುತ್ತಿದೆ. ನಿಧಾನದ ಶಟರ್ ಬೇಕಂತಲೇ ಇಟ್ಟೆಯೋ ಬೆಳಕು ಸಾಲದೆ ಇಟ್ಟೆಯೋ ಗೊತ್ತಿಲ್ಲ, ಎರಡರಲ್ಲಿ ಯಾವುದಾದರೂ ಅದು ಕೆಲಸ ಮಾಡಿದೆ. ಮುಖದ ಒಂದು ಬದಿಗೆ ಬಲ್ಬಿನ ಹಳದಿ, ಇನ್ನೊಂದು ಬದಿಗೆ ಟ್ಯೂಬ್‌ಲೈಟಿನ ಹಸಿರು ಬಿದ್ದಿದೆ. ಹಸಿರನ್ನು ಸರಿಮಾಡಬೇಕೋ ಬೇಡವೋ ಅಂತ ನೀನು ಕೇಳಿದ್ದೀಯ. ಬಣ್ಣ ಹಾಕದ ಬದಿಗೇ ಹಸಿರು ಬಿದ್ದಿರುವುದರಿಂದ ನನಗೆ ಅದು ಇರಲಿ ಅನ್ನಿಸುತ್ತದೆ, ಒಂದೇ ಮುಖದಲ್ಲಿ ಇಬ್ಬರು ಕಾಣುತ್ತಾರೆ. ಕನ್ನಡಿಯೊಳಗಿನ ಕಣ್ಣು ಅರ್ಧ ಕತ್ತರಿಸಿಹೋಗಿದೆ. ಅದು ಪೂರ್ತಿ ಇದ್ದಿದ್ದರೆ ನಮ್ಮನ್ನು ನೋಡುತ್ತಿತ್ತೋ ತನ್ನನ್ನೇ ನೋಡಿಕೊಳ್ಳುತ್ತಿತ್ತೋ? ಹಿಂದಿನ, ಮುಂದಿನ ಫ್ರೇಮುಗಳಿದ್ದರೆ ಕಳಿಸು. ಬಲಗಡೆಯ ಕೆಂಪು ಕುರ್ಚಿಯ ಬಗ್ಗೆ ನಿಮ್ಮವರು ಹೇಳಿದ್ದು ಸರಿ, ಆದರೆ ಅದನ್ನು ಕತ್ತರಿಸಿದರೆ ಪಕ್ಕದಲ್ಲಿ ಗೆಜ್ಜೆ ಕಟ್ಟುತ್ತಿರುವವನ ಕೈಯೂ ಹೋಗುತ್ತದೆ. ನಾನಾದರೆ ಕುರ್ಚಿಯ ಕೆಂಪನ್ನು ಸ್ವಲ್ಪ ಇಳಿಸಿ ನೋಡುತ್ತೇನೆ.

ಇಷ್ಟೆಲ್ಲ ಹೇಳಿದರೂ ಈ ಚಿತ್ರದ ಬಗ್ಗೆ ಮಾತಾಡಬಲ್ಲ ಮುಖ್ಯ ವ್ಯಕ್ತಿಯನ್ನು ನಾವಿಬ್ಬರೂ ಇನ್ನೂ ಕೇಳಿಲ್ಲ. ಆ ಕಲಾವಿದರಿಗೆ ಚಿತ್ರ ತೋರಿಸಿದೆಯಾ? ನಾವು ಬೆಳಕು, ಅಂಚು, ಕುರ್ಚಿ ಅಂತ ಕೂತಿರುತ್ತೇವೆ. ಅವರು ಒಂದೇ ನೋಟಕ್ಕೆ ನಾಮ ಅರ್ಧ ಆಗಿರುವಾಗ ತೆಗೆದಿದ್ದೀರಿ, ಅದಾದ ಮೇಲಿನ ಕ್ಷಣದಲ್ಲಿ ಮುಖ ಬದಲಾಗುತ್ತದೆ, ಅದನ್ನು ಹಿಡಿಯಬೇಕಿತ್ತು ಅನ್ನಬಹುದು. ಅಥವಾ ಅರ್ಧ ಬಣ್ಣದಲ್ಲಿ ತನ್ನನ್ನು ಜನ ನೋಡುವುದೇ ಇಷ್ಟವಿಲ್ಲ ಅನ್ನಬಹುದು. ಹಾಗಂದರೆ ನೀನು ಏನು ಮಾಡುತ್ತೀಯ ಅನ್ನುವುದನ್ನು ಈಗಲೇ ಯೋಚಿಸಿಟ್ಟುಕೋ. ಮಂಡಗದ್ದೆಯ ಚಿತ್ರವನ್ನೂ ಹಾಗೆಯೇ, ಅಲ್ಲಿ ದಿನವೂ ಹಕ್ಕಿಗಳನ್ನು ಕಾಯುವ ಅರಣ್ಯ ಇಲಾಖೆಯ ವಾಚರಿಗೆ ತೋರಿಸಿದರೆ ಫೋಟೋಗ್ರಾಫರುಗಳಿಗೆ ಹೊಳೆಯದ್ದನ್ನು ಹೇಳಿಯಾರು. ಗುಂಪಿನ ಕೂಟಕ್ಕೆ ಕ್ಯಾಮೆರಾ ಇಲ್ಲದವರೊಬ್ಬರಾದರೂ ಬರಬೇಕು ಅನ್ನುವುದು ನನ್ನ ಹಳೆಯ ಹಟ, ಇಲ್ಲಿ ಯಾರೂ ಕೇಳುತ್ತಿಲ್ಲ. ನಿಮ್ಮಲ್ಲಿ ನಡೆದೀತೇನೋ ನೋಡು.

ಈಗ ಮಳೆಗಾಲ, ಮೇಳದ ತಿರುಗಾಟ ನಿಂತಿದೆ. ಆ ಕಲಾವಿದರು ಊರಲ್ಲೇ ಸಿಗಬಹುದು. ಒಂದು ಪ್ರಿಂಟು ಹಾಕಿಸಿಕೊಂಡು ಹೋಗಿ ಕೊಟ್ಟು ಬಾ, ಅವರಂದದ್ದನ್ನು ಬರೆದುಕೋ. ಹುಡುಗನ ಮನೆಗೆ ನೀನೇ ಹೋಗು, ಫೋನಿನಲ್ಲಿ ಬೇಡ. ಸಮಾಧಾನದ ಮಾತು ಹೇಳಲು ಹೋಗಬೇಡ, ಕಡ್ಡಿ ದಾಟಿಸುವ ಆ ಕ್ಷಣಕ್ಕೆ ಎಷ್ಟು ಹೊತ್ತು ಕಾದೆ ಅಂತ ಕೇಳು. ಆಮೇಲೆ ಬಿಳಿ ಗರಿಯ ವಿಷಯ ತೆಗೆ. ರಾ ಫೈಲ್ ಇದ್ದರೆ ನನಗೆ ಕಳಿಸಲು ಹೇಳು, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿದರೆ ಕುಗ್ಗದೆ ಬರುತ್ತದೆ. ಬೆನ್ನಿನ ಗರಿಗಳನ್ನು ಎಷ್ಟು ಮಟ್ಟಿಗೆ ವಾಪಸ್ ತರಬಹುದು ಅಂತ ಇಬ್ಬರೂ ನೋಡೋಣ.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ